ಮೂರು ರಾತ್ರಿ ಮೋಡಕ್ಕೆ ಬೈದೆವು

ಉಪಗ್ರಹದ ಜೊತೆ ಲೇಸರ್ ಬೆಳಕಿನಲ್ಲಿ ಮಾತಾಡುವ ನೆಲದ ಕೇಂದ್ರ, ಅಂದರೆ ಲೇಸರ್ ಗ್ರೌಂಡ್ ಸ್ಟೇಷನ್ನಿನಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲ ಇದೆ. ಏನು ಕೆಟ್ಟರೂ ಹವಾಮಾನದ ತಲೆಗೆ ಕಟ್ಟಬಹುದು. ರೇಡಿಯೋದವರಿಗೆ ಈ ಭಾಗ್ಯ ಕಡಿಮೆ. ಅವರ ಸಿಗ್ನಲ್ ಮೋಡ ತೂರಿ ಹೋಗುತ್ತದೆ, ನಮ್ಮದು ಹೋಗಲ್ಲ.

ಆ ವಾರ ಉಪಗ್ರಹ ನಮ್ಮ ತಲೆಯ ಮೇಲೆ 500 ಕಿ.ಮೀ. ಎತ್ತರದಲ್ಲಿ ಹಾದುಹೋಗುತ್ತಿತ್ತು. ನಾವು ಎಲ್ಲಿದ್ದೇವೆ ಅಂತ ತೋರಿಸುವ ನಮ್ಮ ಅಗಲವಾದ ಬೀಕನ್ ಬೆಳಕನ್ನು ಅದು ಸರಿಯಾಗಿ ಹಿಡಿಯಿತು. ಡೇಟಾ ಕೂಡ ಚೆನ್ನಾಗಿ ಇಳಿಯುತ್ತಿತ್ತು. ನಾವು ಡೇಟಾ ಕಳಿಸುವ ಕಿರಿದಾದ ಕಿರಣ ಮಾತ್ರ ಅದಕ್ಕೆ ಸಿಗಲಿಲ್ಲ. "ತೆಳು ಮೋಡ, ಗಾಳಿಯ ಕಲಕಾಟ" ಅಂತ ಲಾಗ್‌ನಲ್ಲಿ ಬರೆದೆ. ನೆಪ ಪೂರ್ತಿ ಸುಳ್ಳೇನೂ ಅಲ್ಲ. ಮೇಲೆ ಹೋಗುವ ಬೆಳಕು ಹೊರಟ ಕೂಡಲೇ ದಟ್ಟ ಗಾಳಿಗೆ ಸಿಕ್ಕಿ ಅಲುಗುತ್ತದೆ. ಆ ಅಲುಗಾಟ ದಾರಿಯುದ್ದಕ್ಕೂ ದೊಡ್ಡದಾಗುತ್ತದೆ.

ಮೂರನೇ ರಾತ್ರಿ, ತಂಡಕ್ಕೆ ಹೊಸದಾಗಿ ಬಂದಿದ್ದ ಹುಡುಗಿ ಗ್ರಾಫ್ ನೋಡಿ ಕೇಳಿದಳು: "ದಿಗಂತದ ಹತ್ತಿರ ನಮ್ಮ ಒಂದೆರಡು ಡೇಟಾ ಪ್ಯಾಕೆಟ್ ಅದಕ್ಕೆ ಸಿಗ್ತಿದೆ, ನೆತ್ತಿಗೆ ಬಂದಾಗ ಒಂದೂ ಇಲ್ಲ. ಬೆಳಕು ದಾಟಬೇಕಾದ ಗಾಳಿ ಜಾಸ್ತಿ ಇರೋದು ದಿಗಂತದ ಕಡೆ ಅಲ್ವಾ?"

ನಾನು ಸುಮ್ಮನಾದೆ.

ಓಡುವ ಬಸ್ಸಿನ ಕಿಟಕಿಗೆ ಟವೆಲ್ ಎಸೆದು ಸೀಟು ಹಿಡಿದವರಿಗೆ ನಮ್ಮ ತಪ್ಪು ಬೇಗ ಅರ್ಥ ಆಗುತ್ತದೆ. ಕಿಟಕಿ ಈಗ ಇರುವಲ್ಲಿಗೆ ಎಸೆದರೆ ಟವೆಲ್ ರಸ್ತೆಗೆ ಬೀಳುತ್ತದೆ. ಉಪಗ್ರಹದ ಬೆಳಕು ನಮಗೆ ಬಂದು, ನಮ್ಮದು ಅಲ್ಲಿ ಮುಟ್ಟುವಷ್ಟರಲ್ಲಿ ಸುಮಾರು 3.3 ಮಿಲಿಸೆಕೆಂಡು. ಸೆಕೆಂಡಿಗೆ 7.6 ಕಿ.ಮೀ. ಓಡುವ ಉಪಗ್ರಹ ಆಗ 25 ಮೀಟರ್ ಮುಂದೆ ಹೋಗಿರುತ್ತದೆ. ಅಲ್ಲಿ ನಮ್ಮ ಕಿರಣದ ಅಗಲವೇ 30 ಮೀಟರ್. ಹಾಗಾಗಿ ಮುಂದಕ್ಕೆ ಗುರಿ ಇಡಬೇಕು. ನಾವು ಅಷ್ಟೇ ಹಿಂದಕ್ಕೆ ಇಡುತ್ತಿದ್ದೆವು, ಅಂದರೆ 50 ಮೀಟರ್ ತಪ್ಪು. ದಿಗಂತದ ಕಡೆ ಅದು ನಮ್ಮತ್ತಲೇ ಬರುತ್ತಿರುವುದರಿಂದ ಅಡ್ಡ ಓಟ ಕಡಿಮೆ, ತಪ್ಪುವ ಕೋನವೂ ಕಡಿಮೆ.

ಕಾರಣ? ಹಿಂದಿನ ವಾರ ರಿಪೇರಿ ಮಾಡುವಾಗ ಕಳಿಸುವ ದಾರಿಗೆ ಒಂದು ಕನ್ನಡಿ ಹೆಚ್ಚಾಗಿ ಸೇರಿಸಿದ್ದೆವು. ಕನ್ನಡಿ ಒಂದು ಹೆಚ್ಚಾದರೆ ಎಡ ಬಲ ಆಗುತ್ತದೆ, ಮುಂದಕ್ಕೆ ಇಟ್ಟ ಗುರಿ ಹಿಂದಕ್ಕೆ ಹೋಗುತ್ತದೆ. ಸಾಫ್ಟ್‌ವೇರಿಗೆ ಯಾರೂ ಹೇಳಿರಲಿಲ್ಲ. ಕನ್ನಡಿ ಕೂರಿಸಿದ್ದು ನಾನೇ.

2023ರ ಡಿಸೆಂಬರಿನಲ್ಲಿ ನಾಸಾದ ಸೈಕೀ ಬಾಹ್ಯಾಕಾಶ ನೌಕೆ 3.1 ಕೋಟಿ ಕಿ.ಮೀ. ದೂರದಿಂದ ಲೇಸರಿನಲ್ಲಿ ಬೆಕ್ಕಿನ ವಿಡಿಯೋ ಕಳಿಸಿತ್ತಲ್ಲ, ಅದಕ್ಕೂ ಇದೇ ಲೆಕ್ಕ ಬೇಕಿತ್ತು. ಅಲ್ಲಿಂದ ಬೆಳಕು ಬರಲು 100 ಸೆಕೆಂಡಿಗೂ ಜಾಸ್ತಿ. ಅವರು ಸರಿಯಾಗಿ ಮುಂದಕ್ಕೇ ಗುರಿ ಇಟ್ಟಿದ್ದರು!

ನಮ್ಮದು ಒಂದು ಮೈನಸ್ ಚಿಹ್ನೆ ಬದಲಿಸಿದ್ದಕ್ಕೆ ಸರಿಯಾಯಿತು. ಮುಂದಿನ ಸಲ ನೆತ್ತಿಯಲ್ಲೇ ಲಿಂಕ್ ಕೂತಿತು. ಲಾಗ್‌ನಲ್ಲಿ "ಮೋಡ" ಅನ್ನುವ ಮೂರು ನಮೂದು ಹಾಗೇ ಇವೆ, ನನ್ನ ಹೆಸರಿನಲ್ಲಿ.