ಐವತ್ತು ಹರ್ಟ್ಸ್‌ನಲ್ಲಿ ಬಿಗ್ ಸ್ಟಾರ್

ಮೆಂಫಿಸ್‌ನ ಬಿಗ್ ಸ್ಟಾರ್ ಬ್ಯಾಂಡಿನ ಹೆಸರು ಮೈಸೂರಿನಲ್ಲಿ ಕೇಳಿದವರು ಕಡಿಮೆ. 1972ರಲ್ಲಿ ಅಮೆರಿಕದಲ್ಲೂ ಹೆಚ್ಚು ಜನ ಕೇಳಿರಲಿಲ್ಲ. ಮೊದಲ ಆಲ್ಬಮ್ಮಿಗೇ 'ನಂಬರ್ ಒನ್ ರೆಕಾರ್ಡ್' ಅಂತ ಹೆಸರಿಟ್ಟರು. ವಿಮರ್ಶಕರು ಹೊಗಳಿದರು, ಆದರೆ ವಿತರಣೆ ಹೊತ್ತಿದ್ದ ಸ್ಟಾಕ್ಸ್ ಎಂಬ ರೆಕಾರ್ಡ್ ಕಂಪನಿಯಿಂದ ಅಂಗಡಿಗಳಿಗೆ ಪ್ರತಿಗಳೇ ಸರಿಯಾಗಿ ತಲುಪಲಿಲ್ಲ.

ಸರಸ್ವತಿಪುರಂನ ಒಂದು ಮನೆಯಲ್ಲಿ ಭಾನುವಾರ ಸಂಜೆ ಆ ಆಲ್ಬಮ್ಮಿನ ಮರುಮುದ್ರಿತ ಎಲ್‌ಪಿ ಡಿಸ್ಕ್ ಹಾಕಿದಾಗ ಮೊದಲ ಹಾಡು 'ಫೀಲ್' ತೂಕಡಿಸುತ್ತ ಬಂತು. ಬ್ಯಾಂಡಿನ ಕ್ರಿಸ್ ಬೆಲ್ ಕಿರುಚಿ ಹಾಡುವ ಹಾಡು ಅದು; ಇಲ್ಲಿ ಯಾರೋ ದಪ್ಪ ಗಂಟಲಿನವರು ಗೊಣಗುತ್ತಿದ್ದರು. ಟರ್ನ್‌ಟೇಬಲ್ ಅಮೆರಿಕದಿಂದ ನೆಂಟರು ತಂದದ್ದು, ಎಸಿ ಸಿಂಕ್ರೊನಸ್ ಮೋಟಾರಿನದು, ಅಂದರೆ ಕರೆಂಟಿನ ಫ್ರೀಕ್ವೆನ್ಸಿಗೆ ತಕ್ಕ ವೇಗದಲ್ಲೇ ಸುತ್ತುವಂಥದ್ದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆ, ಸರಿ, ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ಅಲ್ಲಿನದು 60 ಹರ್ಟ್ಸ್, ನಮ್ಮದು 50. ನಿಮಿಷಕ್ಕೆ 33.3 ಸುತ್ತಬೇಕಾದ ತಟ್ಟೆ 27.8 ಸುತ್ತುತ್ತದೆ. ಶ್ರುತಿ ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ ಇಳಿದಷ್ಟು ಕೆಳಗೆ ಬೀಳುತ್ತದೆ. ಸಂಗೀತ ಬಲ್ಲವರ ಮನೆಯಾದ್ದರಿಂದ ಕಿವಿಯೇ ಮೊದಲು ಪತ್ತೆ ಹಚ್ಚಿತು.

ಇದಕ್ಕೆ ಮದ್ದು ಮೋಟಾರಿನ ಪುಲ್ಲಿ, ಅಂದರೆ ಬೆಲ್ಟ್ ಮೂಲಕ ತಟ್ಟೆಯನ್ನು ತಿರುಗಿಸುವ ಪುಟ್ಟ ಗಾಲಿ, ಬದಲಿಸುವುದು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಲೇತ್‌ನಲ್ಲಿ ಹಿತ್ತಾಳೆಯದು ಮಾಡಿಸಬಹುದು. ವ್ಯಾಸ ಐದಕ್ಕೆ ಆರರ ಲೆಕ್ಕದಲ್ಲಿ ಹೆಚ್ಚಬೇಕು, ಆದರೆ ಬೆಲ್ಟಿನ ದಪ್ಪವನ್ನೂ ಸೇರಿಸಿ. ಹಳೆಯದು 10 ಮಿ.ಮೀ., ಬೆಲ್ಟ್ 0.6 ಇದ್ದರೆ ಹೊಸದು 12 ಅಲ್ಲ, 12.1. ಆ ಚೂರು ಬಿಟ್ಟರೆ ವೇಗ ಶೇಕಡಾ ಒಂದರಷ್ಟು ಕಡಿಮೆ ಬೀಳುತ್ತದೆ. ತಾಳೆ ನೋಡಲು ಸ್ಟ್ರೋಬ್ ಡಿಸ್ಕ್ ಬೇಕು, ತಟ್ಟೆಯ ಮೇಲಿಡುವ ಗೆರೆಗಳ ಚಕ್ರ; ವೇಗ ಸರಿಯಿದ್ದರೆ ಬಲ್ಬಿನ ಬೆಳಕಿನಲ್ಲಿ ಗೆರೆ ನಿಂತಂತೆ ಕಾಣುತ್ತದೆ. 50 ಹರ್ಟ್ಸ್‌ಗೆ 180 ಗೆರೆಯದು. 216 ಗೆರೆಯದು ಅಮೆರಿಕದ್ದು, ಇಲ್ಲಿ ಅದು ದಾರಿ ತಪ್ಪಿಸುತ್ತದೆ. ಅನೇಕ ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಗೆರೆ ನಿಂತಂತೆ ಕಾಣುವುದೇ ಇಲ್ಲ. ಹಳೇ ತಂತಿ ಬಲ್ಬು ಹುಡುಕಬೇಕು. ಕರೆಂಟು ಹೋದರೆ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಕೇಳುವ ಆಸೆ ಬೇಡ, ಸ್ಪೀಕರಿನಲ್ಲಿ ಜುಂಯ್ ಎನ್ನುವ ಸದ್ದು ಬಿಡುವುದಿಲ್ಲ.

ಹೊಸ ಪುಲ್ಲಿಯ ಮೇಲೆ ಇನ್ನೊಂದು ಭಾನುವಾರ ಮತ್ತೆ ಅದೇ 'ಫೀಲ್'. ಅಬ್ಬಾ, ಗಿಟಾರುಗಳಿಗೆ ಈಗ ಅಂಚು ಬಂದಿತ್ತು. ಆರ್ಡೆಂಟ್ ಸ್ಟುಡಿಯೋದ ಧ್ವನಿ ಎಂಜಿನಿಯರ್ ಜಾನ್ ಫ್ರೈ ಹಿಡಿದಿಟ್ಟ ಆ ತೆಳು, ಮಿನುಗುವ ತಂತಿಸದ್ದೇ ಈ ಆಲ್ಬಮ್ಮಿನ ಜೀವಾಳ. ಶ್ರುತಿ ಇಳಿದರೆ ಮೊದಲು ಸಾಯುವುದೂ ಅದೇ. 'ಥರ್ಟೀನ್'ನಲ್ಲಿ ಡ್ರಮ್ಮೇ ಇಲ್ಲ, ಅಕೂಸ್ಟಿಕ್ ಗಿಟಾರು ಮತ್ತು ಕಂಠಗಳಷ್ಟೇ. ಹಾಗಾಗಿ ಡಿಸ್ಕಿನ ಪ್ರತಿ ಧೂಳಿನ ಕಣವೂ ಕೇಳುತ್ತದೆ. ಕಾರ್ಬನ್ ಫೈಬರ್ ಬ್ರಷ್ಷಿನಿಂದ ಒರೆಸದೆ ಸೂಜಿ ಇಳಿಸಬಾರದು. 'ಡೋಂಟ್ ಲೈ ಟು ಮಿ'ಯಲ್ಲಿ ಗುಡುಗುವುದು ನಿಜವಾದ ಮೋಟಾರ್‌ಸೈಕಲ್, ಸೂಜಿಯ ದೋಷವಲ್ಲ.

ಮೊದಲ ಬದಿಯ ಕೊನೆಗೆ ಬ್ಯಾಂಡಿನ ಆಂಡಿ ಹಮ್ಮೆಲ್ ಬರೆದ 'ದಿ ಇಂಡಿಯಾ ಸಾಂಗ್'. ಇಂಡಿಯಾಕ್ಕೆ ಹೋಗಿ ಕಾಡಿನ ನಡುವೆ ಬಿಳಿ ಬಂಗಲೆಯಲ್ಲಿ ಜಿನ್ ಕುಡಿಯುತ್ತ ಇರುವ ಕನಸು. ಮೈಸೂರಲ್ಲಿ ಕೂತು ಕೇಳಿದರೆ ನಗು ತಡೆಯಲಾಗದು. ಹಾಡು ಪೇಲವ, ಆದರೆ ಸೆಟಪ್ ಪರೀಕ್ಷೆಗೆ ಇದೇ ಒಳ್ಳೆಯದು. ಹೊರಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುವ ಗೆರೆ, ಡಿಸ್ಕಿನ ಒಳತುದಿಗೆ ಬರುವ ಹೊತ್ತಿಗೆ 21ಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗುತ್ತದೆ. ಸೂಜಿ ಹಿಡಿದ ಕಾರ್ಟ್ರಿಜ್ ಸ್ವಲ್ಪ ಓರೆಯಾಗಿದ್ದರೂ 'ಸ' ಅಕ್ಷರ ಬುಸುಗುಟ್ಟುತ್ತದೆ. ಸೂಜಿಭಾರವನ್ನು ಕಂಪನಿ ಹೇಳಿದ ಮಿತಿಯ ಮೇಲ್ತುದಿಗೆ ಇಟ್ಟರೆ ಎಷ್ಟೋ ತಗ್ಗುತ್ತದೆ. ಅಳೆಯಲು ಚಿನ್ನ ತೂಗುವ 0.01 ಗ್ರಾಂ ತಕ್ಕಡಿ ಸಾಕು.

ಹೊಸಬರಿಗೆ ಕೇಳಿಸುವುದಾದರೆ ಎರಡನೇ ಬದಿಯಿಂದ ಶುರುಮಾಡಿ. ಅಲ್ಲಿ ಮೊದಲಿಗೇ ಇರುವ 'ವೆನ್ ಮೈ ಬೇಬೀಸ್ ಬಿಸೈಡ್ ಮಿ' ಹಿಟ್ ಆಗದೇ ಉಳಿದದ್ದಕ್ಕೆ ಅಂಗಡಿಯಲ್ಲಿ ಡಿಸ್ಕ್ ಸಿಗದದ್ದು ಬಿಟ್ಟರೆ ಬೇರೆ ಕಾರಣ ಹೊಳೆಯುವುದಿಲ್ಲ.