ಬೀಟೆ ತೂಗುಮಣೆ: ಅಂತೂ ಒಣಗಿತು

ವಾರ್ನಿಶ್ ಒಣಗಿತು! ಇವತ್ತು ಬೆಳಿಗ್ಗೆ ಉಗುರು ಒತ್ತಿ ನೋಡಿದೆ, ಗುರುತು ಬೀಳಲಿಲ್ಲ. ಅಂಗೈ ಊರಿ ಎತ್ತಿದೆ, ಪರ್ ಅನ್ನುವ ಸದ್ದೂ ಇಲ್ಲ.

ಹಿಂದಿನ ಸಲ ಬರೆದಾಗ ಮನೆಯ ತೂಗುಮಣೆಯ ಹಳೇ ಪಾಲಿಶ್ ಪೂರಾ ಕೆರೆದು, 220ರ ಸ್ಯಾಂಡ್ ಪೇಪರ್ ಹೊಡೆದು, ಒರೆಸಿ ಇಟ್ಟಿದ್ದೆ. ಇನ್ನೇನು, ಮೂರು ಕೋಟ್ ವಾರ್ನಿಶ್, ಒಂದು ವಾರದ ಕೆಲಸ ಅಂದಿದ್ದೆ. ಆ ಮಾತನ್ನು ದಯವಿಟ್ಟು ಮರೆತುಬಿಡಿ.

ಮಣೆ ತಾತನ ಕಾಲದ್ದು. 5 ಅಡಿ ಉದ್ದ, 2 ಅಡಿ ಅಗಲ. ನಡುವೆ ಬೀಟೆ ಹಲಗೆ, ಸುತ್ತ 3 ಇಂಚಿನ ತೇಗದ ಪಟ್ಟಿ. ಎಣ್ಣೆ ಆಧಾರದ ವಾರ್ನಿಶ್ಶಿಗೆ ಒಂಚೂರು ಟರ್ಪೆಂಟೈನ್ ಬೆರೆಸಿ ಮೊದಲ ಕೋಟ್ ಎಳೆದೆ. ಮಾರನೇ ದಿನ ಬಂದು ಮುಟ್ಟಿದರೆ ಅಂಟು. ಮೂರನೇ ದಿನವೂ ಅಂಟು. ಎಂಟನೇ ದಿನ ಅಮ್ಮ ಅಭ್ಯಾಸ ಬಲದಿಂದ ಭಾನುವಾರದ ಪೇಪರ್ ಅದರ ಮೇಲೆ ಇಟ್ಟುಬಿಟ್ಟರು. ಕಿತ್ತು ತೆಗೆದಾಗ ವಧು-ವರರ ಕಾಲಂ ಮಣೆ ಮೇಲೆ ಉಲ್ಟಾ ಅಚ್ಚಾಗಿತ್ತು. "ಆ ದೇವರೇ ಬರೆದು ತೋರಿಸ್ತಿದಾನೆ ನೋಡು, ಇನ್ನಾದ್ರೂ ಮದುವೆ ಆಗೋ" ಅಂದರು.

ಮೊದಲು ಬೈದದ್ದು ಅಂಗಡಿಯವನನ್ನು. "ಹೊಸ ಸ್ಟಾಕ್ ಸಾರ್, ನಿನ್ನೆ ತಾನೆ ಬಂದಿದ್ದು" ಅಂತ ಕೊಟ್ಟ ಡಬ್ಬಿಯ ಮುಚ್ಚಳದ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ಟರ್ಪೆಂಟೈನಂತೂ ಸೀಮೆಎಣ್ಣೆಯ ತಮ್ಮನ ಹಾಗೆ ನಾರುತ್ತಿತ್ತು. ಆಮೇಲೆ ಆಷಾಢದ ಜಿಟಿಜಿಟಿ ಮಳೆಯನ್ನು ಬೈದೆ. ಟೇಬಲ್ ಫ್ಯಾನ್ ಇಟ್ಟೆ, 100 ವಾಟ್ ಬಲ್ಬ್ ನೇತುಹಾಕಿದೆ. ಅಂಟಿಗೆ ಎರಡು ಸೊಳ್ಳೆ ಬಿದ್ದದ್ದಷ್ಟೇ ಲಾಭ. ಬೇರೆ ಅಂಗಡಿಯಿಂದ ಇನ್ನೊಂದು ಡಬ್ಬಿ ತಂದೆ. ಅದೂ ಅಷ್ಟೇ.

ಹನ್ನೊಂದನೇ ದಿನ ಸುಮ್ನೆ ಸವರುತ್ತಾ ಕೂತಿದ್ದಾಗ ಕೈಗೆ ಹತ್ತಿದ್ದು ತಲೆಗೂ ಹತ್ತಿತು. ಅಂಚಿನ ತೇಗದ ಪಟ್ಟಿ ಒಣಗಿ ಗಾಜಿನ ಹಾಗಿದೆ! ಅದೇ ಡಬ್ಬಿ, ಅದೇ ಬ್ರಶ್, ಅದೇ ಮಳೆ. ಬೀಟೆ ಮಾತ್ರ ಬೆಲ್ಲದ ಪಾಕ. ಒಂದು ತೇಗದ ಚೂರಿಗೆ, ಒಂದು ಬೀಟೆ ಚೂರಿಗೆ ಒಟ್ಟಿಗೆ ಬಳಿದು ನೋಡಿದೆ. ರಾತ್ರಿ ಕಳೆಯುವುದರೊಳಗೆ ತೇಗ ಒಣಗಿತು, ಬೀಟೆ ಇಲ್ಲ. ಅಂಗಡಿಯವನು ನಿರಪರಾಧಿ. ಅವನಿಗೆ ಹೇಳಲು ಹೋಗಿಲ್ಲ, ಧೂಳಿನ ಲೆಕ್ಕ ಇನ್ನೂ ಬಾಕಿ ಇದೆ.

ನಿಮ್ಮಲ್ಲಿ ಬೀಟೆ ಮುಟ್ಟಿದವರು ಈಗಾಗಲೇ ನಗುತ್ತಿರಬಹುದು. ಎಣ್ಣೆ ವಾರ್ನಿಶ್ ಬಟ್ಟೆ ಒಣಗಿದ ಹಾಗೆ ಒಣಗುವುದಿಲ್ಲ. ಟರ್ಪೆಂಟೈನ್ ಹಾರಿಹೋದ ಮೇಲೆ ಉಳಿದ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಬೀಟೆ ಮರದೊಳಗಿನ ಕೆಲವು ಸಾರಗಳು ಆ ಕೆಲಸಕ್ಕೇ ಅಡ್ಡಗಾಲು ಹಾಕುತ್ತವೆ. ಹುಳ, ಗೆದ್ದಲು ಬರದ ಹಾಗೆ ಮರ ತನಗಾಗಿ ಕೂಡಿಟ್ಟುಕೊಂಡ ಸರಕು ಅದು. ವಾರ್ನಿಶ್ಶಿಗೂ ಅದೇ ಮರ್ಯಾದೆ. ಎಷ್ಟು ಫ್ಯಾನ್ ಇಟ್ಟರೂ ಅಷ್ಟೇ.

ನಮ್ಮ ಮೈಸೂರಿನ ಮಂಡಿ ಮೊಹಲ್ಲಾ ಕಡೆ ಬೀಟೆ ಇನ್ಲೇ (ಮರದೊಳಗೆ ಚಿತ್ತಾರ ಕೂರಿಸುವ) ಕೆಲಸಕ್ಕೆ ಪಾಲಿಶ್ ಮಾಡುವ ಮೇಸ್ತ್ರಿ ಒಬ್ಬರನ್ನು ಹೋಗಿ ಕೇಳಿದೆ. ತಲೆ ಎತ್ತದೆ ಕೈಯಲ್ಲಿದ್ದ ಬಟ್ಟೆ ಉಂಡೆ ತಿರುಗಿಸುತ್ತಲೇ, "ಮೊದ್ಲು ಏನಿತ್ತು ಸಾರ್ ಅದ್ರ ಮೇಲೆ?" ಅಂದರು.

"ಹಳೇ ಫ್ರೆಂಚ್ ಪಾಲಿಶ್."

"ಏನ್ ಮಾಡಿದ್ರಿ ಅದ್ನ?"

"ಕೆರೆದು ತೆಗೆದೆ."

ಆಗ ತಲೆ ಎತ್ತಿದರು. ಮಾತಾಡಲಿಲ್ಲ. ಮಾತಾಡಿದ್ದರೇ ವಾಸಿ ಇತ್ತು.

ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು (ಲ್ಯಾಕ್) ತಾನೆ. ಅದು ಸ್ಪಿರಿಟ್ ಹಾರಿದರೆ ಸಾಕು, ಗಟ್ಟಿ. ಆಮ್ಲಜನಕದ ಹಂಗಿಲ್ಲ, ಬೀಟೆಯ ಕಿರಿಕ್ಕೂ ತಟ್ಟುವುದಿಲ್ಲ. ಮರಕ್ಕೂ ವಾರ್ನಿಶ್ಶಿಗೂ ನಡುವೆ ಗೋಡೆ ಹಾಗೆ ನಿಲ್ಲುತ್ತದೆ. ಆ ಗೋಡೆಯನ್ನೇ ನಾನು ನಾಲ್ಕು ಭಾನುವಾರ ಕೂತು ಕೆರೆದಿದ್ದೆ. ಅದೂ ಫೋಟೋ ಸಮೇತ ನಿಮಗೆಲ್ಲ ತೋರಿಸಿ. ಯಾರಾದರೂ ಒಬ್ಬರು ಬಾಯಿಬಿಡಬಾರದಿತ್ತಾ?

ಅಂಟು ತೆಗೆಯುವ ಕಥೆ ಬೇಡ ಬಿಡಿ. ಸ್ಯಾಂಡ್ ಪೇಪರ್ ಎರಡು ಎಳೆತಕ್ಕೆ ಮೆತ್ತಿಕೊಳ್ಳುತ್ತಿತ್ತು. ಕೊನೆಗೆ ಕಿಟಕಿ ಗಾಜಿನ ಚೂರಲ್ಲಿ ಹೆರೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ.

ಇನ್ನು ಅರಗು. ಡಬ್ಬಿಯಲ್ಲಿ ಸಿಗುವ ರೆಡಿ ಪಾಲಿಶ್ ಎಷ್ಟು ಹಳೆಯದೋ ಗೊತ್ತಾಗುವುದಿಲ್ಲ, ಹಳೇದಾದರೆ ಅದೂ ಒಣಗುವುದಿಲ್ಲ. ಅಂಟಿನ ಸುಖ ಒಂದು ಸಲ ಸಾಕು. ಅರಗಿನ ಚಕ್ಕೆ ತಂದು 150 ಗ್ರಾಮಿಗೆ ಒಂದು ಲೀಟರ್ ಸ್ಪಿರಿಟ್ ಹಾಕಿದೆ. ಮೊದಲ ಲೀಟರ್ ಸ್ಪಿರಿಟ್ಟಿಗೆ ಪುಣ್ಯಾತ್ಮರು ಹಾಲಿನವರಿಗಿಂತ ಜಾಸ್ತಿ ನೀರು ಬೆರೆಸಿದ್ದರು, ಚಕ್ಕೆ ಕರಗದೆ ಉಂಡೆ ಕಟ್ಟಿತು. ಎರಡನೇ ಸಲ ಸರಿಹೋಯಿತು. ಆದರೆ ಅರಗಿನಲ್ಲಿ ಮೇಣ ಇರುತ್ತದೆ, ಮೇಣದ ಮೇಲೆ ವಾರ್ನಿಶ್ ಸರಿಯಾಗಿ ಹಿಡಿಯುವುದಿಲ್ಲ. ಬಾಟಲಿ ಅಲ್ಲಾಡಿಸದೆ ಒಂದು ವಾರ ಇಟ್ಟೆ. ತಳದಲ್ಲಿ ಗಂಜಿ ಹಾಗೆ ಮೇಣ ಕೂತು, ಮೇಲೆ ತಿಳಿ ಡಿಕಾಕ್ಷನ್ ಬಣ್ಣದ ಅರಗು ನಿಂತಿತು. ಆ ತಿಳಿಯನ್ನಷ್ಟೇ ಸಣ್ಣ ಪೈಪಿನಲ್ಲಿ ಎಳೆದುಕೊಂಡೆ.

ಬಳಿಯುವಾಗ ಇನ್ನೊಂದು ಪೆಟ್ಟು. ಬೀಟೆಯ ಬಣ್ಣ ಸ್ಪಿರಿಟ್ಟಿಗೆ ಬಿಟ್ಟುಕೊಳ್ಳುತ್ತದೆ. ಮೇಸ್ತ್ರಿಯನ್ನು ನೋಡಿ ಬಂದ ಹುರುಪಿನಲ್ಲಿ ನಾನೂ ಬಟ್ಟೆ ಉಂಡೆ ಹಿಡಿದು ಉಜ್ಜಿದೆ. ಉಂಡೆ ಬೀಟೆಯಿಂದ ತೇಗದ ಪಟ್ಟಿಗೆ ದಾಟಿದ ಕಡೆ ಒಂದು ಗೇಣು ನೇರಳೆ ಗೆರೆ. ಅದು ಈಗಲೂ ಅಲ್ಲೇ ಇದೆ. ಆಮೇಲೆ ಪಟ್ಟಿಗೆ ಟೇಪ್ ಅಂಟಿಸಿ, ಬೀಟೆಗೆ ಮೆತ್ತನೆ ಬ್ರಶ್ಶಿನಲ್ಲಿ ಒಂದೇ ಎಳೆತ, ವಾಪಸ್ ಹೋಗುವಂತಿಲ್ಲ. ಹಾಗೆ ಎರಡು ತೆಳು ಕೋಟ್.

ಬೆರಳೂ ನೇರಳೆಯಾಗಿತ್ತು. ಎದುರುಮನೆ ಅಂಕಲ್ "ಯಾವ ಎಲೆಕ್ಷನ್ನಪ್ಪಾ?" ಅಂತ ಕೇಳಿದರು. ತಮಾಷೆ ಅಂದರೆ, ಆ ವೋಟಿನ ಶಾಯಿ ಮಾಡುವ ನಮ್ಮೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಶುರುವಾದದ್ದೂ ಅರಗಿನಿಂದಲೇ. 1937ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ವೋಟಿನ ಶಾಯಿ ಬಂದದ್ದು 1962ರ ಚುನಾವಣೆಗೆ. ಅಂಕಲ್‌ಗೆ ಇಷ್ಟೂ ಹೇಳಿದೆ. ಅವರು ಹಾಲು ತರಲು ಹೊರಟಿದ್ದರು ಪಾಪ.

ಮಿಕ್ಕ ಅರಗಿನ ಚಕ್ಕೆ ನೋಡಿದಾಗಿನಿಂದ ಕೈ ಕಡಿಯುತ್ತಿದೆ. ಚನ್ನಪಟ್ಟಣದ ಗೊಂಬೆಯವರು ಲೇತಿನಲ್ಲಿ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ತಾಳೆ ಗರಿಯಲ್ಲಿ ಉಜ್ಜಿ ಹೊಳಪು. ಬ್ರಶ್ ಇಲ್ಲ, ಸ್ಪಿರಿಟ್ ಇಲ್ಲ, ಒಣಗಲು ಕಾಯುವುದಂತೂ ಇಲ್ಲವೇ ಇಲ್ಲ! ಹಳೇ ಹೊಲಿಗೆ ಮಿಶಿನ್ ಮೋಟರ್ ಒಂದು ಅಟ್ಟದಲ್ಲಿದೆ. ಪುಟ್ಟ ಲೇತ್ ಆಗುತ್ತದಾ ನೋಡಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಮಣೆಗೆ ಬರೀ ಅರಗು ಸಾಲದಾ ಅಂತ ಕೇಳುವವರಿಗೆ: ಅಮ್ಮ ಬಿಸಿ ಕಾಫಿ ಲೋಟ ಸೀದಾ ಮಣೆ ಮೇಲೇ ಇಡುತ್ತಾರೆ. ಅರಗಿಗೆ ಬಿಸಿ, ನೀರು ಎರಡೂ ಆಗದು, ಬಿಳಿ ಉಂಗುರ ಬೀಳುತ್ತದೆ. ಅದಕ್ಕೇ ಅರಗಿನ ಮೇಲೆ ಮತ್ತೆ ಅದೇ ವಾರ್ನಿಶ್, ಅದೇ ಧೂಳಿನ ಡಬ್ಬಿಯದು, ಮೂರು ಕೋಟ್, ನಡುನಡುವೆ 320ರ ಪೇಪರ್. ಪ್ರತಿ ಕೋಟೂ ಒಂದೇ ರಾತ್ರಿಗೆ ಒಣಗಿತು.

ಪೂರಾ ಗಟ್ಟಿಯಾಗಲಿ, ಇನ್ನೊಂದು ಹತ್ತು ದಿನ ಕೂರಬೇಡಿ ಅಂದೆ. ಮಧ್ಯಾಹ್ನ ಎದ್ದು ಬಂದು ನೋಡಿದರೆ ಅಮ್ಮ ಮಣೆ ಮೇಲೆ, ಪಕ್ಕದಲ್ಲಿ ಕಾಫಿ ಲೋಟ. ಕೆಳಗೆ ಮಾತ್ರ ಮಡಚಿದ ವಧು-ವರರ ಕಾಲಂ ಹಾಸಿದ್ದರು.