ಹೆಡ್‌ಸೆಟ್ ಹಾಕಿದಾಗ ತಲೆಗೆ ಎಷ್ಟು ಹೊರೆ?

ಪುಣೆಯ ಬಾಣೇರ್, ಹಿಂಜವಡಿ ಕಡೆ ಕಟ್ಟಡ ವಿನ್ಯಾಸದಲ್ಲಿರುವ ಕನ್ನಡದ ಗೆಳೆಯರಿಗೆ ಈ ಬರಹ. ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ಮಾಡೆಲಿನ ಒಳಗೇ ನಿಂತಂತೆ ತೋರಿಸುವ ತಂತ್ರ) ಹೆಡ್‌ಸೆಟ್ ಹಾಕಿ ವಿನ್ಯಾಸ ನೋಡುವಾಗ ಮನಸ್ಸಿಗೂ ಕಣ್ಣಿಗೂ ಬೀಳುವ ಹೊರೆಯ ಮಾತು ಇದು.

ನಕ್ಷೆ ಓದುವಾಗ ಪ್ಲಾನ್, ಸೆಕ್ಷನ್, ಎಲಿವೇಶನ್ ಮೂರನ್ನೂ ಜೋಡಿಸಿ ಕಟ್ಟಡವನ್ನು ಮನಸ್ಸಿನಲ್ಲೇ ಎಬ್ಬಿಸಬೇಕು. ವಿಆರ್ ಇಳಿಸುವುದು ಈ ಹೊರೆಯನ್ನೇ. ತೊಲೆಯಡಿಯ ಡಕ್ಟ್ (ಗಾಳಿಯ ಕೊಳವೆ) ತಲೆಗೆ ತಾಗುವಂತಿದ್ದರೆ ಒಳಗೆ ನಿಂತವರಿಗೆ ತಟ್ಟನೆ ಗೊತ್ತಾಗುತ್ತದೆ. ಆದರೆ ಮೆಟ್ಟಿಲಿನ ಎತ್ತರ 190 ಮಿ.ಮೀ. ಬದಲು 200 ಆಗಿದ್ದರೆ ಕಣ್ಣು ಹಿಡಿಯುವುದು ಕಷ್ಟ. ಅಳತೆಗೆ ನಕ್ಷೆಯೇ ಬೇಕು.

ಹೊಸ ಹೊರೆ ಬೇರೆ ದಾರಿಯಲ್ಲಿ ಬರುತ್ತದೆ. ಹತ್ತಿರದ ಗೋಡೆ ನೋಡಲು ಎರಡೂ ಕಣ್ಣು ಒಳಮುಖವಾಗಿ ತಿರುಗುತ್ತವೆ, ಫೋಕಸ್ ಮಾತ್ರ ಲೆನ್ಸ್ ನಿಗದಿಪಡಿಸಿದ ದೂರದಲ್ಲೇ ಇರಬೇಕು. ಕಣ್ಣು ದಣಿಯುವುದು ಈ ಎಳೆದಾಟಕ್ಕೆ. 90 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಚಿತ್ರ ತೋರಿಸುವಾಗ, ಒಂದು ಫ್ರೇಮಿಗೆ ಸಿಗುವುದು ಸುಮಾರು 11 ಮಿಲಿಸೆಕೆಂಡ್. ರೆವಿಟ್ (ಕಟ್ಟಡ ವಿನ್ಯಾಸದ ತಂತ್ರಾಂಶ) ಮಾಡೆಲನ್ನು ಬೋಲ್ಟು, ನಲ್ಲಿ ಸಮೇತ ಸುರಿದರೆ ಚಿತ್ರ ತಡವರಿಸುತ್ತದೆ, ಹೊಟ್ಟೆ ತೊಳಸುತ್ತದೆ. ಅಂದು ನೋಡಬೇಕಾದ ಮಹಡಿಯಷ್ಟೇ ಇಟ್ಟುಕೊಳ್ಳಿ. ಜಾರುತ್ತಾ ಸಾಗುವ ನಡಿಗೆ ಬೇಡ, ಬೇಕಾದ ಜಾಗಕ್ಕೆ ಒಮ್ಮೆಲೇ ಹಾರುವ ಟೆಲಿಪೋರ್ಟ್ ಇರಲಿ. ಎರಡು ಲೆನ್ಸ್‌ಗಳ ನಡುವಿನ ಅಂತರವನ್ನು ಪ್ರತಿಯೊಬ್ಬರ ಕಣ್ಣಿಗೂ ಹೊಂದಿಸಿ.

ಮೊದಲ 5 ನಿಮಿಷ ಖಾಲಿ ಕೋಣೆಯಲ್ಲಿ ಕಂಟ್ರೋಲರ್ ಅಭ್ಯಾಸ ಮಾಡಿಸಲೇಬೇಕು. ಇಲ್ಲದಿದ್ದರೆ ಗುಂಡಿ ಹುಡುಕುವ ಒದ್ದಾಟವೂ ವಿನ್ಯಾಸದ ಲೆಕ್ಕಕ್ಕೆ ಸೇರಿಬಿಡುತ್ತದೆ. 15–20 ನಿಮಿಷಕ್ಕೆ ಹೆಡ್‌ಸೆಟ್ ತೆಗೆಸಿ. ಟಿಪ್ಪಣಿ ಬರೆಯಲು ಹೊರಗೆ ಒಬ್ಬರು ಕೂತಿರಲಿ.

ಹೊರೆ ಅಳೆಯಲು 1988ರ ನಾಸಾ-ಟಿಎಲ್‌ಎಕ್ಸ್ ಪ್ರಶ್ನಾವಳಿ ಸಾಕು. ಕೆಲಸ ಮಾಡಿದವರೇ ಆರು ಅಂಶಗಳಿಗೆ ಅಂಕ ಕೊಡುತ್ತಾರೆ: ಮಾನಸಿಕ ಶ್ರಮ, ದೈಹಿಕ ಶ್ರಮ, ಸಮಯದ ಒತ್ತಡ, ಸಾಧನೆ, ಪ್ರಯತ್ನ, ಹತಾಶೆ. ಹೆಡ್‌ಸೆಟ್ ತೆಗೆದ ಕೂಡಲೇ ತುಂಬಿಸಿ, ಊಟದ ನಂತರ ಅಲ್ಲ. ಒಟ್ಟು ಅಂಕವನ್ನಷ್ಟೇ ನಂಬಬೇಡಿ. ಮಾನಸಿಕ ಶ್ರಮ ಇಳಿದು ದೈಹಿಕ ಶ್ರಮ ಏರಿದರೆ ಸರಾಸರಿ ಎರಡನ್ನೂ ಮುಚ್ಚಿಹಾಕುತ್ತದೆ.